ಸಂಘದ ಹಣ, ಊರಿನ ಋಣ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಪೂಜಾ ಕುಣಿತ, ಕೋಲಾಟ, ನಾಟಕಗಳನ್ನು ಹಳ್ಳಿಯ ತಂಡಗಳೇ ಉಳಿಸಿಕೊಂಡು ಬಂದಿವೆ. ಆದರೆ ಉತ್ಸಾಹವೊಂದರಿಂದಲೇ ವೇಷಭೂಷಣಗಳೂ ವಾದ್ಯಗಳೂ ಒದಗಲಾರವು. ಆದುದರಿಂದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಸಾಂಸ್ಕೃತಿಕ ಸಂಘಗಳಿಗೆ ಧನಸಹಾಯ ನೀಡುತ್ತದೆ.

ಅದನ್ನು ಬಯಸುವ ಸಂಘವು ಮೊದಲು ನೋಂದಣಿಯಾಗಿರಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ, 18 ವರ್ಷ ಮೀರಿದ ಏಳು ಮಂದಿ ಕೂಡಿ ಸಂಘವನ್ನು ಕಟ್ಟಬಹುದು. ಇಲಾಖೆಯು ಪ್ರಕಟಣೆ ಹೊರಡಿಸಿದಾಗ ನೋಂದಣಿ ಪತ್ರ, ಚಟುವಟಿಕೆಗಳ ವರದಿ, ಪರಿಶೋಧಿತ ಲೆಕ್ಕಪತ್ರಗಳೊಡನೆ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು.

ಲೆಕ್ಕವನ್ನೇಕೆ ಕೇಳಬೇಕು? ಬೆಂಕಿಪೆಟ್ಟಿಗೆ ಕೊಳ್ಳುವ ಕೂಲಿಯಾಳೂ ತೆತ್ತ ತೆರಿಗೆ ಆ ಹಣದಲ್ಲಿದೆ. ಪ್ರತಿ ರೂಪಾಯಿಗೂ ರಸೀತಿಯಿಟ್ಟ ಸಂಘವು ಕಲೆಯೊಡನೆ ಊರಿನ ನಂಬಿಕೆಯನ್ನೂ ಕಾಪಾಡುತ್ತದೆ.