ಕಾಲಿನ ಪುಕ್ಕಕ್ಕೆ ಮರುಳಾದೀರಿ, ಜೋಕೆ!

ಡೆಂಕಣಿಕೋಟೆ: ರಾಗಿ ಕಾಳು, ಹುಳುಹುಪ್ಪಟೆ ಹೆಕ್ಕಿ ತಿಂದು ಹಿತ್ತಲಲ್ಲಿ ತಾನಾಗಿ ಬೆಳೆಯುವ ನಾಟಿ ಕೋಳಿ ಈ ಗಡಿ ತಾಲ್ಲೂಕಿನ ಮಂದಿಗೆ ಹೊಸದಲ್ಲ. ಆದರೆ ಮೊಬೈಲಿನಲ್ಲಿ ವಿಡಿಯೊ ನೋಡಿದವರಿಗೆ ಈಗ ಇನ್ನೊಂದು ಕೋಳಿಯ ಆಸೆ. ಕಾಲಿಗೆ ಷರಾಯಿ ತೊಡಿಸಿದಂತೆ ಬೆರಳ ತುದಿವರೆಗೂ ಪುಕ್ಕ ಇಳಿಬಿಟ್ಟ ಬ್ರಹ್ಮ ಮತ್ತು ಕೊಚಿನ್ ಕೋಳಿಗಳು ಅವು.

ಇವು ಮೊಟ್ಟೆ, ಮಾಂಸದ ಲೆಕ್ಕಕ್ಕೆ ಸಾಕುವ ಕೋಳಿಗಳಲ್ಲ. ಚೆಂದಕ್ಕೆ, ಪ್ರದರ್ಶನಕ್ಕೆ ಸಾಕುವಂಥವು. ಒಳ್ಳೆ ಜೋಡಿಗೆ ಕೊಡುವ ದುಡ್ಡಿನಲ್ಲಿ ನಾಟಿ ಕೋಳಿಯ ಸಣ್ಣ ಹಿಂಡನ್ನೇ ಕಟ್ಟಬಹುದು. ಕೊಟ್ಟ ದುಡ್ಡು ಅಸಲಿ ತಳಿಗೋ ಬೆರಕೆಗೋ ಎಂಬುದು ಎಷ್ಟೋ ಸಲ ತಿಂಗಳುಗಟ್ಟಲೆ ಮೇವು ಹಾಕಿದ ಮೇಲೇ ಗೊತ್ತಾಗುತ್ತದೆ. ಹಾಗಾಗಿ ಕೊಳ್ಳುವ ಮುಂಚೆಯೇ ಕೋಳಿ ಪರೀಕ್ಷೆ ಕಲಿಯುವುದು ಲೇಸು.

ಹೆಸರು ನಮ್ಮದು, ತಳಿ ಹೊರಗಿನದು

ಬ್ರಹ್ಮ ಎಂಬ ಹೆಸರು ಬಂದದ್ದು ಬ್ರಹ್ಮಪುತ್ರಾ ನದಿಯಿಂದ. ಆದರೆ ತಳಿ ರೂಪುಗೊಂಡದ್ದು ಅಮೆರಿಕದಲ್ಲಿ. 1840ರ ದಶಕದಲ್ಲಿ ಚೀನಾದ ಶಾಂಘೈ ಬಂದರಿನಿಂದ ಹಡಗೇರಿ ಹೋದ ದೊಡ್ಡ ಗಾತ್ರದ ಕೋಳಿಗಳೇ ಅದಕ್ಕೆ ಮೂಲ. ಕೊಚಿನ್ ಕೋಳಿಯೂ ಚೀನಾದ್ದೇ; ನಮ್ಮ ಕೇರಳದ ಕೊಚ್ಚಿಯ ಕೋಳಿ ಅದಲ್ಲ. 1852ರಲ್ಲಿ ಜಾರ್ಜ್ ಬರ್ನ್‌ಹ್ಯಾಮ್ ಎಂಬ ಅಮೆರಿಕನ್ ವ್ಯಾಪಾರಿ ವಿಕ್ಟೋರಿಯಾ ರಾಣಿಗೆ ಇಂಥ ಒಂಬತ್ತು ಕೋಳಿಗಳನ್ನು ಕಾಣಿಕೆ ಕಳುಹಿಸಿದ ಮೇಲೆ ಇವುಗಳ ಹೆಸರು ಎಲ್ಲೆಡೆ ಹಬ್ಬಿತು.

1874ರಲ್ಲಿ ಅಮೆರಿಕದ ಕೋಳಿ ಸಾಕಣೆದಾರರ ಸಂಘ ತಳಿಗಳ ಮಾನದಂಡ ಪುಸ್ತಕ ಹೊರತಂದಿತು. ತಮಿಳುನಾಡಿನ ಗಿಳಿಮೂಗಿನ ಅಸೀಲ್ ಪ್ರದರ್ಶನಗಳಲ್ಲಿ ಮೂಗು, ಬಾಲ ನೋಡುವಂತೆ ಇಲ್ಲಿ ತೂಕ, ಜುಟ್ಟು, ಬಣ್ಣ, ಕಾಲು ಎಲ್ಲಕ್ಕೂ ಅಂಕ ಉಂಟು. ಒಟ್ಟು 100 ಅಂಕ.

ಪರೀಕ್ಷೆ ಹೇಗೆ?

'ಕಾಲಲ್ಲಿ ಪುಕ್ಕ ಇದೆಯಲ್ಲಾ, ಸಾಕು' ಅನ್ನುವುದೇ ಮೋಸ ಹೋಗುವ ದಾರಿ. ಕಾಲ್ಪುಕ್ಕದ ಗುಣ ಬೆರಕೆಯಲ್ಲೂ ಇಣುಕುತ್ತದೆ. ಬ್ರಹ್ಮ ಹುಂಜಕ್ಕೆ ನಾಟಿ ಹ್ಯಾಟೆ ಕೂಡಿಸಿದರೂ ಹುಟ್ಟುವ ಮರಿಗಳ ಕಾಲಲ್ಲಿ ಅಷ್ಟೋ ಇಷ್ಟೋ ಪುಕ್ಕ ಬರುತ್ತದೆ. ಆದರೆ ಪುಕ್ಕ ತೆಳು, ನಡು ಬೆರಳು ಸಾಮಾನ್ಯವಾಗಿ ಬೋಳು. ಒಳ್ಳೆ ಬ್ರಹ್ಮ ಕೋಳಿಗೆ ಹೊರ ಬೆರಳಿನ ಜೊತೆಗೆ ನಡು ಬೆರಳಿನ ಮೇಲೂ ಪುಕ್ಕ ಇರಬೇಕು. ಮೊಟ್ಟೆಯೊಡೆದು ಬಂದ ದಿನವೇ ಮರಿಯ ಕಾಲಲ್ಲಿ ನುಣುಪು ತುಪ್ಪಳ ಕಾಣುವುದರಿಂದ ಅಂದೇ ಬೆರಳು ನೋಡಿಕೊಳ್ಳಬಹುದು.

ಎರಡನೆಯದು ಜುಟ್ಟು. ಬ್ರಹ್ಮಕ್ಕೆ ತಲೆಗಂಟಿದ, ಮೂರು ಸಾಲಿನ ಗಿಡ್ಡ ಜುಟ್ಟು. ಗರಗಸದಂಥ ಒಂಟಿ ಜುಟ್ಟು ಎದ್ದು ನಿಂತರೆ ಅದು ಬ್ರಹ್ಮ ಅಲ್ಲ. ಕೊಚಿನ್‌ಗೆ ಮಾತ್ರ ಒಂಟಿ ಜುಟ್ಟೇ ಸರಿ.

ಮೂರನೆಯದು ಮಂಡಿ. ಮಂಡಿಯ ಹಿಂದೆ ಹದ್ದಿನ ಕಾಲಿನಂತೆ ಉದ್ದನೆ ಬಿರುಸು ಗರಿ ಚಾಚಿದ್ದರೆ ನೋಡುವವರಿಗೆ ಚೆಂದವೇ. ಆದರೆ ಅಮೆರಿಕದ ಮಾನದಂಡದಲ್ಲಿ ಅಂಥ ಬ್ರಹ್ಮ ಕೋಳಿ ಸ್ಪರ್ಧೆಯಿಂದಲೇ ಹೊರಗೆ. ಮಂಡಿ ಮುಚ್ಚುವ ಪುಕ್ಕ ಮೆತ್ತಗೆ ಒಳಕ್ಕೆ ಬಾಗಿರಬೇಕು.

ಕೊನೆಗೆ ತೂಕ. ಬಿಳಿ ಮೈಗೆ ಕಪ್ಪು ಕತ್ತಿನ ಬ್ರಹ್ಮ ಬಗೆಯಲ್ಲಿ ಬೆಳೆದ ಹುಂಜಕ್ಕೆ ಸುಮಾರು 5.4 ಕೆ.ಜಿ., ಹ್ಯಾಟೆಗೆ 4.3 ಕೆ.ಜಿ. ಎಂಬುದು ಮಾನದಂಡ. ಕಣ್ಣಂದಾಜು ಬೇಡ. ಪುಕ್ಕದ ದಪ್ಪಕ್ಕೆ ಕೋಳಿ ದೊಡ್ಡದಾಗಿ ಕಾಣುತ್ತದೆ. ಕೈಗೆತ್ತಿಕೊಂಡು ಎದೆಮೂಳೆ ಮುಟ್ಟಿ ನೋಡಿ, ತಕ್ಕಡಿಗೆ ಇಡಿ.

ಜೋಡಿ ಕಟ್ಟುವಾಗ

ಒಂದೇ ಕಡೆ ಜೋಡಿ ಕೊಂಡರೆ ಅವು ಅಣ್ಣ-ತಂಗಿ ಆಗಿರುವ ಸಂಭವ ಹೆಚ್ಚು. ರಕ್ತಸಂಬಂಧದಲ್ಲೇ ಮರಿ ತೆಗೆಯುತ್ತಾ ಹೋದರೆ ಮೊಟ್ಟೆ ಮರಿಯಾಗುವುದು ಕಡಿಮೆಯಾಗಿ ಮರಿಗಳು ಸೊರಗುತ್ತವೆ. ಹುಂಜ ಒಂದು ಕಡೆ, ಹ್ಯಾಟೆ ಇನ್ನೊಂದು ಕಡೆ ಕೊಳ್ಳುವುದು ಕ್ಷೇಮ. ಕಾಲಿಗೆ ನಂಬರಿನ ಉಂಗುರ ಹಾಕಿ ಯಾವ ಮರಿ ಯಾರದ್ದೆಂದು ನೋಟ್ ಬುಕ್ಕಿನಲ್ಲಿ ಬರೆದಿಟ್ಟರೆ ಮುಂದೆ ಮಾರುವಾಗ ಅದೇ ಸಾಕ್ಷಿ.

ಹಿಂಭಾಗದ ದಟ್ಟ ಪುಕ್ಕ ಅಡ್ಡವಾಗಿ ಮೊಟ್ಟೆ ಫಲಿಸದೇ ಹೋಗುವುದೂ ಉಂಟು. ಕೂಡಿಸುವ ಕೋಳಿಗಳಿಗೆ ಗುದದ ಸುತ್ತ ಪುಕ್ಕ ಕತ್ತರಿಸಬೇಕು. ಭಾರದ ಹ್ಯಾಟೆ ಕಾವಿಗೆ ಕೂತರೆ ಮೊಟ್ಟೆ ಒಡೆಯುವ ಭಯ ಇರುತ್ತದೆ. ಅದಕ್ಕೆ ನಮ್ಮ ನಾಟಿ ಹ್ಯಾಟೆಯೇ ಮೇಲು. ಅದರ ಕೆಳಗೆ ಇಟ್ಟರೆ 21 ದಿನಕ್ಕೆ ಮರಿ ಸಿದ್ಧ.

ನೆಲ ಒಣಗಿರಲಿ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಭಾಗದ ತಂಪು ಹವೆ ಪುಕ್ಕದ ಕೋಳಿಗೆ ಒಗ್ಗುತ್ತದೆ. ಒಗ್ಗದ್ದು ಮಳೆಗಾಲದ ಕೆಂಪು ಮಣ್ಣಿನ ಕೆಸರು. ಕಾಲ್ಪುಕ್ಕಕ್ಕೆ ಕೆಸರು ಮೆತ್ತಿ ಒಣಗಿದರೆ ಗರಿ ಮುರಿಯುತ್ತದೆ, ಬೆರಳು ಹುಣ್ಣಾಗುತ್ತದೆ. ಮಳೆ ದಿನಗಳಲ್ಲಿ ಹೊರಗೆ ಬಿಡದೆ, ದಪ್ಪಗೆ ಭತ್ತದ ಹೊಟ್ಟು ಹಾಸಿದ ಗೂಡಿನಲ್ಲೇ ಇಡಬೇಕು. ಎತ್ತರದಿಂದ ಧುಮುಕಿದರೆ ಅಂಗಾಲಿಗೆ ಪೆಟ್ಟಾಗಿ ಬಾವು ಬರುತ್ತದೆ. ಕೂರುವ ಗಳು ಒಂದಡಿಗಿಂತ ಎತ್ತರ ಬೇಡ.

ಕಾಲಿನ ಚಿಪ್ಪಿನಡಿ ಸೇರುವ ನುಸಿ ಇನ್ನೊಂದು ಕಾಟ. ಪುಕ್ಕದ ಮರೆಯಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ. ವಾರಕ್ಕೊಮ್ಮೆ ಪುಕ್ಕ ಸರಿಸಿ ನೋಡಬೇಕು. ಚಿಪ್ಪು ಎದ್ದು ಒರಟಾಗಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ದುಬಾರಿ ಕೋಳಿ ಅಂತ ಕೊಕ್ಕರೆ ರೋಗ ಬಿಡುವುದಿಲ್ಲ. ಮೊದಲ ವಾರದ ಹನಿ ಲಸಿಕೆ, ಎಂಟನೇ ವಾರದ ಚುಚ್ಚುಮದ್ದು ತಪ್ಪಿಸುವಂತಿಲ್ಲ. ಹೊಸೂರು ಬಳಿಯ ಮತ್ತಿಗಿರಿಯಲ್ಲಿ ತಮಿಳುನಾಡು ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೋಳಿ ಸಾಕಣೆ ಕಾಲೇಜು, ಬೆಂಗಳೂರಿನ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆ ಇವೆ. ಕೋಳಿ ಸಾಕಣೆಯ ತರಬೇತಿ ಬೇಕೆನ್ನುವವರು ಅಲ್ಲಿ ವಿಚಾರಿಸಬಹುದು.

ಮರಿ ಕೊಳ್ಳಲು ಹೊರಟವರು ಒಂದು ಮಾತು ನೆನಪಿಟ್ಟುಕೊಳ್ಳಿ. ಮರಿಯ ಫೋಟೊ ಕೇಳಬೇಡಿ, ಅದರ ತಂದೆ-ತಾಯಿ ಕೋಳಿಯನ್ನು ತೋರಿಸಿ ಅನ್ನಿ. ತೋರಿಸಲು ಸಬೂಬು ಹೇಳಿದರೆ ದುಡ್ಡು ಜೇಬಲ್ಲೇ ಇರಲಿ.