ಒಂದೇ ‘ದಟ್’, ಎರಡು ಕೆಲಸ: ನೌನ್ ಕ್ಲಾಜ್ ಯಾವುದು, ಅಡ್ಜೆಕ್ಟಿವ್ ಕ್ಲಾಜ್ ಯಾವುದು?

ಕಡೂರು, ತರೀಕೆರೆ, ಅಜ್ಜಂಪುರ ಕಡೆ ಬಸ್ಸಲ್ಲಿ ಕೂತು, ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೆ ಇವತ್ತು ಇಂಗ್ಲಿಷ್ ಗ್ರಾಮರ್. ಹೆದರಬೇಡಿ, ಉದಾಹರಣೆ ಎಲ್ಲಾ ನಿಮ್ಮ ಕಡೆಯವೇ.

ಮೊದಲು ಫ್ರೇಸ್ ಮತ್ತು ಕ್ಲಾಜ್. ಕರ್ತೃ, ಕ್ರಿಯಾಪದ ಎರಡೂ ಇದ್ದರೆ ಕ್ಲಾಜ್. ಇಲ್ಲದಿದ್ದರೆ ಫ್ರೇಸ್. ‘ದ ಟೆಂಪಲ್ ಅಟ್ ಅಮೃತಾಪುರ’ ಅನ್ನೋದು ನೌನ್ ಫ್ರೇಸ್. ಅದರೊಳಗಿನ ‘ಅಟ್ ಅಮೃತಾಪುರ’ ಯಾವ ದೇವಸ್ಥಾನ ಅಂತ ಹೇಳುತ್ತೆ, ಹಾಗಾಗಿ ಅದು ಅಡ್ಜೆಕ್ಟಿವ್ ಫ್ರೇಸ್. ತರೀಕೆರೆ ತಾಲ್ಲೂಕಿನ ಈ ಹೊಯ್ಸಳ ದೇವಸ್ಥಾನ ಕಟ್ಟಿದ್ದು 1196ರಲ್ಲಿ. ‘ದ ಟೆಂಪಲ್ ದಟ್ ವಾಸ್ ಬಿಲ್ಟ್ ಇನ್ 1196’ ಅಂದರೆ, ‘ದಟ್’ನಿಂದ ಮುಂದಿನದು ಅಡ್ಜೆಕ್ಟಿವ್ ಕ್ಲಾಜ್.

ನಾವು ಎಡವೋದು ಇಲ್ಲೇ. ಕನ್ನಡದಲ್ಲಿ ‘1196ರಲ್ಲಿ ಕಟ್ಟಿದ ದೇವಸ್ಥಾನ’ ಅಂತೀವಿ. ವಿವರಣೆ ಮೊದಲು, ನಾಮಪದ ಆಮೇಲೆ. ಇಂಗ್ಲಿಷಲ್ಲಿ ಇದು ಉಲ್ಟಾ.

ಈಗ ನೌನ್ ಕ್ಲಾಜ್. ‘ರೈಲು ಲೇಟು ಅಂತ ನಂಗೊತ್ತು’ ಅನ್ನೋದು ‘ಐ ನೋ ದಟ್ ದ ಟ್ರೈನ್ ಈಸ್ ಲೇಟ್’ ಆಗುತ್ತೆ. ನಮ್ಮ ‘ಅಂತ’ ಮಾತಿನ ಹಿಂದೆ ಬರುತ್ತೆ, ಅವರ ‘ದಟ್’ ಮುಂದೆ ನಿಲ್ಲುತ್ತೆ.

ಗುರುತಿಸೋದು ಹೇಗೆ? ನಾನು ಮಾಡೋದು ಇಷ್ಟೇ: ಆ ಭಾಗ ತೆಗೆದು ‘ಇಟ್’ ಹಾಕಿ ನೋಡ್ತೀನಿ. ‘ಐ ನೋ ಹೂ ಕೇಮ್ ಫ್ರಮ್ ಕಡೂರು’ ಅನ್ನೋದು ‘ಐ ನೋ ಇಟ್’ ಆಗುತ್ತೆ. ಸರಿ ಕೂತಿತು, ನೌನ್ ಕ್ಲಾಜ್. ‘ಐ ನೋ ದ ಬಾಯ್ ಹೂ ಕೇಮ್ ಫ್ರಮ್ ಕಡೂರು’ ಅಂದಾಗ ‘ಐ ನೋ ದ ಬಾಯ್ ಇಟ್’ ಅನ್ನೋಕಾಗಲ್ಲ. ‘ಹೂ’ ಇಲ್ಲಿ ಹುಡುಗನನ್ನ ವಿವರಿಸುತ್ತೆ, ಅಡ್ಜೆಕ್ಟಿವ್ ಕ್ಲಾಜ್.

ಇದು ಬರೀ ಮಾರ್ಕ್ಸ್ ವಿಷಯ ಅಲ್ಲ. ಕೆಲಸದ ನೋಟಿಸ್ ಒಂದು ಹೀಗಿರುತ್ತೆ ಅಂದ್ಕೊಳ್ಳಿ: ‘ಕ್ಯಾಂಡಿಡೇಟ್ಸ್ ಹೂ ಹ್ಯಾವ್ ಪಾಸ್ಡ್ ಎಸ್ಸೆಸ್ಸೆಲ್ಸಿ ಅಂಡ್ ಹೋಲ್ಡ್ ಎ ಡ್ರೈವಿಂಗ್ ಲೈಸೆನ್ಸ್ ಮೇ ಅಪ್ಲೈ.’ ಮುಖ್ಯ ವಾಕ್ಯ ‘ಕ್ಯಾಂಡಿಡೇಟ್ಸ್ ಮೇ ಅಪ್ಲೈ’ ಮಾತ್ರ. ನಡುವಿನ ಅಡ್ಜೆಕ್ಟಿವ್ ಕ್ಲಾಜಲ್ಲೇ ಷರತ್ತು ಇದೆ, ಒಂದಲ್ಲ, ಎರಡು. ಅರ್ಧ ಓದಿ ಅರ್ಜಿ ಹಾಕಿದರೆ ಫೀಸೂ ಹೋಗುತ್ತೆ, ಅವಕಾಶವೂ ಹೋಗುತ್ತೆ.

ಕೊನೆಗೆ ಹೋಮ್‌ವರ್ಕ್: ‘ಐ ನೋ ದಟ್ ಅಜ್ಜಂಪುರ ಹ್ಯಾಸ್ ಎ ಫಾರ್ಮ್ ದಟ್ ಬ್ರೀಡ್ಸ್ ಅಮೃತಮಹಲ್ ಕ್ಯಾಟಲ್.’ ಎರಡು ‘ದಟ್’ ಇವೆ. ಯಾವುದು ‘ಅಂತ’, ಯಾವುದು ಫಾರ್ಮಿನ ವಿವರಣೆ? ನೀವೇ ಹೇಳಿ.