ಆಯಿಯ ಟ್ರಂಕು

ಚಿಂಚೋಳಿಯ ನಮ್ಮ ಮನೆ ಹಳೆಯದು. ನೆಲಕ್ಕೆ ಶಹಾಬಾದಿನ ಫರಸಿ ಹಾಸಿದ್ದು, ತಂದೆಯವರ ಕಾಲದಲ್ಲಿ ಕಟ್ಟಿಸಿದ್ದು. ಈ ವರ್ಷ ಮಳೆಗಾಲಕ್ಕೆ ಮೊದಲೇ ಮಾಳಿಗೆಯ ದುರಸ್ತಿ ಮಾಡಿಸಬೇಕಾಗಿ ಬಂದುದರಿಂದ ಒಳಕೋಣೆಯನ್ನು ಬರಿದು ಮಾಡುವುದು ಅನಿವಾರ್ಯವಾಯಿತು. ಬಳಕೆಯಿಲ್ಲದ ತಾಮ್ರದ ಹಂಡೆ, ಕಾಲು ಮುರಿದ ಕುರ್ಚಿ, ನಾನು ಶಿಕ್ಷಕನಾಗಿದ್ದಾಗ ಬರೆದ ಪಾಠ ಟಿಪ್ಪಣಿಗಳ ಕಟ್ಟುಗಳು ಒಂದೇ ಮಧ್ಯಾಹ್ನದಲ್ಲಿ ಹೊರಬಿದ್ದವು. ಟಿಪ್ಪಣಿಗಳನ್ನು ಬಿಡುವಾಗ ನೋವಾಗಬಹುದೆಂದುಕೊಂಡಿದ್ದೆ, ಆಗಲಿಲ್ಲ. ಉಳಿದದ್ದು ಒಂದು ಟ್ರಂಕು. ಮೂರು ವರ್ಷಗಳ ಹಿಂದೆ ತೀರಿಕೊಂಡ ನನ್ನ ಧರ್ಮಪತ್ನಿಯದು. ಅಂದಿನಿಂದ ಅದನ್ನು ಯಾರೂ ತೆರೆದಿರಲಿಲ್ಲ.

ತೆರೆದಾಗ ಪಕ್ಕದಲ್ಲಿ ಏಳು ವರ್ಷದ ಮೊಮ್ಮಗಳಿದ್ದಳು. ಇಳಕಲ್ಲ ಸೀರೆಗಳು, ಜಪಮಾಲೆ, ಒಂದು ಕಡ್ಡಿಗೆ ದಾರ ಕಟ್ಟಿದ ಕನ್ನಡಕ. ಅವನ್ನೆಲ್ಲ ನೋಡುತ್ತ ಆಕೆ ಕೇಳಿದಳು: "ಮುತ್ಯಾ, ಆಯಿ ಈಗ ಎಲ್ಲಿದ್ದಾಳ?"

ತರಗತಿಯಲ್ಲಿ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಹೇಳಿದವನು ಅಂದು "ಗೊತ್ತಿಲ್ಲವ್ವಾ" ಎಂದೆ. ಅದು ನುಣುಚಿಕೊಳ್ಳುವ ಮಾತಾಗಿರಲಿಲ್ಲ. ಒಂದು ಜೀವ ಯಾವ ಗತಿಗೆ ಹೋಯಿತು, ಯಾವ ಮನೆಯಲ್ಲಿ ಕಣ್ಣು ತೆರೆಯಿತು ಎಂಬುದು ನಮ್ಮಂಥ ಇಂದ್ರಿಯಜ್ಞಾನಿಗಳಿಗೆ ಎಟಕುವುದಿಲ್ಲ. ಆದರೆ ಹೋಗುವ ಕ್ರಮವನ್ನು ಆಚಾರ್ಯರು ಹೇಳಿದ್ದಾರೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ವಿಗ್ರಹಗತಿಯ ವಿಚಾರವಿದೆ. ದೇಹವನ್ನು ಬಿಟ್ಟ ಜೀವವು ದಾರಿಯಲ್ಲಿ ಎಷ್ಟೇ ತಿರುವುಗಳಿದ್ದರೂ ನಾಲ್ಕನೆಯ ಸಮಯದೊಳಗೆ ಹೊಸ ಜನ್ಮಸ್ಥಾನವನ್ನು ಸೇರುತ್ತದೆ. 'ಸಮಯ'ವೆಂದರೆ ಇಲ್ಲಿ ಕಾಲದ ಅತ್ಯಂತ ಸೂಕ್ಷ್ಮ ಅಂಶ. ಒಮ್ಮೆ ರೆಪ್ಪೆ ಬಡಿಯುವಷ್ಟರಲ್ಲಿ ಅಸಂಖ್ಯಾತ ಸಮಯಗಳು ಕಳೆದುಹೋಗುತ್ತವೆ. ಜೀವದೊಂದಿಗೆ ಹೋಗುವುದು ತೈಜಸ ಮತ್ತು ಕಾರ್ಮಣ ಶರೀರಗಳು ಮಾತ್ರ.

ಈ ಮಾತನ್ನು ಬಸದಿಯ ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೆ. ಟ್ರಂಕಿನ ಮುಂದೆ ಕುಳಿತಾಗ ಅದು ಬೇರೆಯಾಗಿಯೇ ಕೇಳಿಸಿತು. ನಾವು ಆಕೆಯ ಕಣ್ಣು ಮುಚ್ಚುವುದಕ್ಕೆ ಕೈ ಚಾಚುವ ಮೊದಲೇ ಆಕೆ ಇವೆಲ್ಲವನ್ನೂ ಬಿಟ್ಟಾಗಿತ್ತು. ಮೂರು ವರ್ಷ ಬೀಗ ಹಾಕಿ ನಾನು ಕಾದದ್ದು ಯಾರ ವಸ್ತುಗಳನ್ನು?

ಸೀರೆಗಳ ಕೆಳಗೆ ಒಂದು ಸಣ್ಣ ನೋಟುಪುಸ್ತಕವಿತ್ತು. ಪರಿಗ್ರಹ ಪರಿಮಾಣ ವ್ರತವನ್ನು ಹಿಡಿದಿದ್ದ ಆಕೆ ಪ್ರತಿವರ್ಷ ಭಾದ್ರಪದದ ದಶಲಕ್ಷಣ ಪರ್ವಕ್ಕೆ ಮುನ್ನ ತನ್ನ ವಸ್ತ್ರ, ಪಾತ್ರೆಗಳನ್ನು ಎಣಿಸಿ ಅದರಲ್ಲಿ ಬರೆದಿಡುತ್ತಿದ್ದಳು. ಸೀರೆಗೆ ಆಕೆ ಇಟ್ಟುಕೊಂಡ ಮಿತಿ ಹದಿನಾರು. ಎಣಿಸಿದೆ, ಹದಿನಾರೇ ಇದ್ದವು. ಆಕೆಯ ಲೆಕ್ಕ ಚುಕ್ತಾ ಆಗಿತ್ತು. ನನ್ನದು ಆಗಿರಲಿಲ್ಲ. ವಸ್ತ್ರಕ್ಕೆ ನಾನೂ ಮಿತಿ ಹಾಕಿಕೊಂಡವನೇ. ಆದರೆ ಆಕೆ ಹೋದ ದಿನದಿಂದ ಈ ಹದಿನಾರೂ ನನ್ನ ಪರಿಗ್ರಹಕ್ಕೆ ಸೇರಿದ್ದವೆಂಬುದು ನನಗೆ ಹೊಳೆದೇ ಇರಲಿಲ್ಲ. ನೆನಪು ಎಂದು ಕರೆದುಕೊಂಡು ವ್ರತವನ್ನು ಮೀರಿದ್ದೆ. ವಸ್ತುವಿಗಿಂತ ಅದರ ಮೇಲಿನ ಮೂರ್ಛೆಯೇ ಪರಿಗ್ರಹವೆಂದು ಮಕ್ಕಳಿಗೆ ವಿವರಿಸಿದವನ ಸ್ಥಿತಿ ಇದು.

ಹಾಗಾದರೆ ಮಗುವಿನ ಪ್ರಶ್ನೆಯೂ ಮೋಹದ ಮಾತೇ? ನನಗೆ ಹಾಗೆನಿಸುವುದಿಲ್ಲ. ಸತ್ಯದ ಮೇಲಿನ ಅಪನಂಬಿಕೆಯಾದ ಶಂಕೆ ಸಮ್ಯಗ್ದರ್ಶನಕ್ಕೆ ದೋಷ. ಅರಿಯುವ ಹಂಬಲದಿಂದ ಕೇಳುವುದು ದೋಷವಲ್ಲ. ಸ್ವಾಧ್ಯಾಯದ ಐದು ಬಗೆಗಳಲ್ಲಿ ಪೃಚ್ಛನಾ, ಅಂದರೆ ಕೇಳುವುದು, ಎರಡನೆಯದು. ಸ್ವಾಧ್ಯಾಯವಾದರೋ ಅಂತರಂಗ ತಪಸ್ಸುಗಳಲ್ಲಿ ಒಂದು. ಆ ಆರು ತಪಸ್ಸುಗಳ ಪಟ್ಟಿಯಲ್ಲಿ ಸ್ವಾಧ್ಯಾಯದ ಮರುಮಾತೇ ವ್ಯುತ್ಸರ್ಗ, ಒಳಹೊರಗಿನ ಪರಿಗ್ರಹಗಳನ್ನು ಬಿಡುವುದು. ಎಷ್ಟೋ ವರ್ಷ ಬಾಯಿಪಾಠವಾಗಿ ಹೇಳಿಕೊಂಡಿದ್ದರೂ ಇವೆರಡೂ ಒಂದರ ಪಕ್ಕ ಒಂದು ಕುಳಿತಿರುವುದನ್ನು ನಾನು ಗಮನಿಸಿರಲಿಲ್ಲ.

ನಮ್ಮ ನೆರೆಯ ಸೇಡಂ ತಾಲ್ಲೂಕಿನ ಮಳಖೇಡ ನೆನಪಾಯಿತು. ಕಾಗಿಣಾ ದಂಡೆಯ ಆ ಊರು ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದಾಗ, ಜಿನಸೇನಾಚಾರ್ಯರನ್ನು ಗುರುವಾಗಿ ಪಡೆದ ಅಮೋಘವರ್ಷ ನೃಪತುಂಗ 814ರಿಂದ ಅರವತ್ತಕ್ಕೂ ಹೆಚ್ಚು ವರ್ಷ ಆಳಿದನು. ಆತನ ಹೆಸರಿನಲ್ಲಿರುವ 'ಪ್ರಶ್ನೋತ್ತರ ರತ್ನಮಾಲಿಕೆ' ಆದ್ಯಂತ ಪ್ರಶ್ನೆ ಮತ್ತು ಉತ್ತರಗಳ ಮಾಲೆ. ಅದನ್ನು ರಚಿಸಿದವನು ವಿವೇಕದಿಂದ ರಾಜ್ಯವನ್ನು ತೊರೆದ ಅರಸನೆಂದು ಅದರ ಕೊನೆಯ ಪದ್ಯ ತಿಳಿಸುತ್ತದೆ. ಕೇಳುವುದೂ ಬಿಡುವುದೂ ಅಲ್ಲಿ ಒಬ್ಬನದೇ ಕೆಲಸ. 972ರಲ್ಲಿ ಪರಮಾರರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ಭಂಡಾರದ ಹೊನ್ನು ಯಾರ ಕೈ ಸೇರಿತೋ! ಆ ಪ್ರಶ್ನೆಗಳ ಪುಸ್ತಕವಾದರೆ ಟಿಬೆಟಿನ ಭಾಷೆಗೂ ಹೋಯಿತು.

ಮರುದಿನ ಸೀರೆಗಳನ್ನು ಬಿಸಿಲಿಗೆ ಹಾಕಿದೆವು. ಓಣಿಯಲ್ಲಿ ತೊಗರಿ ಹೊಲದ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳನ್ನು ಸೊಸೆ ಕರೆದಳು, ಹದಿನೈದು ಹೋದವು. ಒಂದನ್ನು ಸೊಸೆ ಕೇಳಿ ಇಟ್ಟುಕೊಂಡಳು, ಉಡುವುದಕ್ಕೆ. ಕೊಡುವಾಗ ನನ್ನ ಕೈ ನಡುಗಿತೆಂಬುದನ್ನು ಮುಚ್ಚಿಡುವುದಿಲ್ಲ. ಜಪಮಾಲೆಯನ್ನು ಮೊಮ್ಮಗಳು ಕೊರಳಿಗೆ ಹಾಕಿಕೊಂಡು ಓಡಾಡಿದಳು. "ಆಯಿ ಹೋಗುವಾಗ ಆಕಿಗಿ ಗೊತ್ತಾಗಿತ್ತೇನು?" ಎಂದು ರಾತ್ರಿ ಮತ್ತೆ ಕೇಳಿದಳು. ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಇಬ್ಬರೂ ಬಹಳ ಹೊತ್ತು ಅದನ್ನೇ ಮಾತನಾಡಿದೆವು.

ಕನ್ನಡಕ ಮಾತ್ರ ಇನ್ನೂ ನನ್ನ ಮೇಜಿನ ಮೇಲಿದೆ. ಆಕೆಯ ನೋಟುಪುಸ್ತಕದ ಮುಂದಿನ ಖಾಲಿ ಪುಟದಲ್ಲಿ ನನ್ನ ಹೆಸರು ಬರೆದು, ಅದನ್ನು ನನ್ನ ಲೆಕ್ಕಕ್ಕೆ ಸೇರಿಸಿಕೊಂಡಿದ್ದೇನೆ.